ಎಲ್ಲರೂ ನೋಡಿದ ಅಮ್ಮ

ಲಿಫ್ಟ್ ಕೆಟ್ಟು ನಿಂತಾಗ ಮಾತ್ರ ಜನಕ್ಕೆ ಅವನ ನೆನಪಾಗುತ್ತಿತ್ತು. ಸರಿಹೋದ ಮೇಲೆ ಅವನು ಬಂದದ್ದೂ ಹೋದದ್ದೂ ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಎತ್ತರದ ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲ ಬಾವಿಗೆ ಇಳಿದು, ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು, ಉಕ್ಕಿನ ಹಗ್ಗ ಸವೆದಿದೆಯೇ ಎಂದು ಬೆರಳಾಡಿಸಿ ನೋಡುವುದು, ಬ್ರೇಕಿನ ಪಟ್ಟಿ ಬದಲಿಸುವುದು, ಬಾಗಿಲು ಕಚ್ಚಿಕೊಳ್ಳದಂತೆ ಮಾಡುವುದು. ಕಂಪನಿಯ ಜೊತೆಗಾರರು ಅವನನ್ನು ಮೂಕಣ್ಣ ಎಂದು ಕರೆಯುತ್ತಿದ್ದರು. ಮಾತು ಬರುತ್ತಿರಲಿಲ್ಲ ಎಂದಲ್ಲ. ದಿನವಿಡೀ ಒಬ್ಬನೇ ಇರುವವನು ಯಾರ ಜೊತೆ ಆಡಬೇಕು?

ಮಾತಿನ ಪಾಲೆಲ್ಲ ಅಮ್ಮನಿಗೆ ಹೋಗಿತ್ತು. ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತೂತುಗಳ ಹಲಗೆಯ ಮುಂದೆ ಕೂತು, ಈ ಊರಿನವರ ವಯರನ್ನು ತೆಗೆದು ಆ ಊರಿನವರಿಗೆ ಚುಚ್ಚುವ ಕೆಲಸ. ಯಾರದೋ ಸಾವು, ಯಾರದೋ ಮದುವೆ, ಯಾರದೋ ಜಗಳ ಎಲ್ಲವೂ ಅವಳ ಬೆರಳುಗಳ ನಡುವೆ ಹಾದು ಹೋಗಿತ್ತು. ಅವುಗಳಲ್ಲಿ ಒಂದನ್ನೂ ಅವಳು ಮನೆಗೆ ತಂದವಳಲ್ಲ. ಅಪ್ಪ ಎಷ್ಟು ಕೆದಕಿದರೂ, 'ಕೇಳಿದ್ದನ್ನ ಅಲ್ಲೇ ಬಿಟ್ಟು ಬರೋದಕ್ಕೇ ನನಗೆ ಸಂಬಳ ಕೊಡೋದು' ಎಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳಂತೆ.

ಅಪ್ಪ ತೀರಿಕೊಂಡು ಆರು ವರ್ಷಕ್ಕೆ ಅಮ್ಮನ ಮರೆವು ಶುರುವಾಯಿತು. ಮೊದಮೊದಲು ಅಡುಗೆಗೆ ಎರಡು ಸಲ ಉಪ್ಪು, ಒಲೆ ಆರಿಸಲು ಮರೆತು ತಳ ಹಿಡಿದ ಪಾತ್ರೆ. ಆಮೇಲೆ ಸೊಸೆಯ ಹೆಸರು. ಆಮೇಲೆ ವಾರ, ತಿಂಗಳು. ಕಡೆಗೆ ಅಪ್ಪ ಸತ್ತದ್ದೇ ಮರೆತುಹೋಗಿ, ಊಟಕ್ಕೆ ಇನ್ನೊಂದು ತಟ್ಟೆ ಇಡತೊಡಗಿದಳು. ವೈದ್ಯರು ಪರೀಕ್ಷೆ ಮಾಡಿ, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದರು. ಸಾಮಾನುಗಳನ್ನು ಇಟ್ಟ ಕಡೆಯೇ ಇಡಿ, ವಾದ ಮಾಡಬೇಡಿ, ಗಾಬರಿಪಡಿಸಬೇಡಿ ಎಂದಷ್ಟೇ ಹೇಳಿ ಕಳಿಸಿದರು.

ದೂರದ ಊರಿನಲ್ಲಿದ್ದ ಅಕ್ಕ ದಿನಾ ಫೋನು ಮಾಡಿ ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಿದ್ದಳು. ಹೇಳಿ ಹೇಳಿ ಸಾಕಾಗಿ, ಒಂದು ದಿನ ಅವನು ಅಮ್ಮನ ವೀಡಿಯೊ ತೆಗೆದು ಕಳಿಸಿದ. ಅದರಲ್ಲಿ ಅಮ್ಮ ಸೋಫಾದ ಮೇಲೆ ಕೂತು, ಟೀವಿಯ ರಿಮೋಟನ್ನು ಕಿವಿಗೆ ಹಿಡಿದು, ಠೀವಿಯಿಂದ, "ಲೈನಲ್ಲಿರಿ ಸಾರ್, ಕೊಡ್ತೀನಿ" ಎನ್ನುತ್ತಾಳೆ. ಸ್ವಲ್ಪ ಹೊತ್ತು ಕಾದು, "ಆ ಕಡೆಯವರು ಎತ್ತುತ್ತಾ ಇಲ್ಲ. ಊಟಕ್ಕೆ ಹೋಗಿರಬೇಕು, ಪಾಪ" ಎಂದು ರಿಮೋಟನ್ನು ಮೆಲ್ಲಗೆ ಕೆಳಗಿಡುತ್ತಾಳೆ. ಅಕ್ಕ ಅದನ್ನು ನೋಡಿ ನಕ್ಕಳು, ಅತ್ತಳು, ಗೆಳತಿಯರಿಗೆ ಕಳಿಸಿದಳು. ಇದನ್ನು ಎಲ್ಲರೂ ನೋಡುವ ಹಾಗೆ ಹಾಕು ಎಂದು ಅವರಲ್ಲಿ ಯಾರೋ ಹೇಳಿದರಂತೆ. ಅವನು ಹಾಕಿದ. ಎರಡು ದಿನದಲ್ಲಿ ಎರಡು ಲಕ್ಷ ಜನ ನೋಡಿದರು.

ಲಿಫ್ಟಿನ ನೆತ್ತಿಯ ಮೇಲೆ, ಏಳನೆಯ ಮತ್ತು ಎಂಟನೆಯ ಮಹಡಿಯ ನಡುವೆ ಕೂತು ಅವನು ಜನ ಬರೆದದ್ದನ್ನೆಲ್ಲ ಒಂದೂ ಬಿಡದೆ ಓದಿದ. 'ನಮ್ಮ ಅಜ್ಜಿ ನೆನಪಾದರು.' 'ಇಂಥ ಮಗ ಎಲ್ಲರಿಗೂ ಸಿಗಲಿ.' 'ಅಜ್ಜಿಗೆ ನಮ್ಮದೊಂದು ಮುತ್ತು ಕೊಡಿ.' ಗ್ರೀಸು ಹತ್ತಿದ ಹೆಬ್ಬೆರಳಿನಿಂದ ಒಬ್ಬೊಬ್ಬರಿಗೂ ಉತ್ತರ ಬರೆದ. ಅವನ ಜನ್ಮದಲ್ಲಿ ಅಷ್ಟು ಜನ ಅವನನ್ನು ಮಾತಾಡಿಸಿರಲಿಲ್ಲ. ಮರುವಾರ ಒಂದು ಕಟ್ಟಡದ ಕಾವಲಿನವನು ಅವನನ್ನು ತಡೆದು ನಿಲ್ಲಿಸಿ, "ನೀವು ಲೈನಲ್ಲಿರಿ ಅಜ್ಜಿ ಮಗ ಅಲ್ವಾ?" ಎಂದು ಕೇಳಿ ಕೂರಲು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಆ ದಿನ ಮೂಕಣ್ಣ ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನು ಮೂರು ಸಲ ಹೇಳಿದ.

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜನರ ಕಣ್ಣನ್ನೇ ದಿನವಿಡೀ ನೋಡುವ ಕೆಲಸವಾದ್ದರಿಂದಲೋ ಏನೋ, ಅವಳಿಗೆ ಬೇಗ ಯಾವುದೂ ಮರುಳು ಹಿಡಿಸುತ್ತಿರಲಿಲ್ಲ. ಮೊದಲ ನಾಲ್ಕಾರು ವೀಡಿಯೊಗಳಿಗೆ ಅವಳೂ ನಕ್ಕಳು. ಆಮೇಲೆ ಸುಮ್ಮನಾದಳು.

ಅಮ್ಮ ಕೂದಲು ಬಾಚಿಕೊಳ್ಳುವುದು, ಬಟ್ಟೆ ಮಡಿಸುವುದು, ಕಿಟಕಿಯ ಹತ್ತಿರ ಹಳೆಯ ಹಾಡು ಗುನುಗುವುದು ಇವನ್ನೆಲ್ಲ ಹಾಕಿದಾಗ ಜನ ಬರಬರುತ್ತಾ ಕಡಿಮೆಯಾದರು. ಅಮ್ಮ ತಡವರಿಸಿದ್ದು, ತಪ್ಪು ಮಾಡಿದ್ದು ಹಾಕಿದರೆ ಮುಗಿಬಿದ್ದರು. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಫೋನಿನಲ್ಲಿ ಅಂಕಿ ಏರಿದ್ದು ಇಳಿದದ್ದು ಕಣ್ಣಿಗೆ ಕಾಣುತ್ತಿತ್ತು. ಅವನು ಕೆಟ್ಟವನಾಗಿರಲಿಲ್ಲ. ಒಂದು ದಿನ ಸುಮ್ಮನೆ ಅಮ್ಮನ ಕನ್ನಡಕವನ್ನು ಅವಳ ಹಣೆಯ ಮೇಲಕ್ಕೆ ಸರಿಸಿ, ಎಲ್ಲಿ ಹೋಯಿತು ಹುಡುಕು ಎಂದ. ಅವಳು ಮನೆಯೆಲ್ಲ ತಡಕಾಡಿದಳು. ಇನ್ನೊಂದು ದಿನ ಚಪ್ಪಲಿ ಅಡಗಿಸಿಟ್ಟ. ಮತ್ತೊಂದು ದಿನ ಅಪ್ಪ ಬರುತ್ತಿದ್ದಾರೆ ಎಂದು ಹೇಳಿ, ಅವಳು ಒಳ್ಳೆಯ ಬಟ್ಟೆ ಉಟ್ಟು ಬಾಗಿಲಿನ ಬಳಿ ಒಂದೂವರೆ ತಾಸು ಕಾದದ್ದನ್ನು ಅರ್ಧ ನಿಮಿಷಕ್ಕೆ ಇಳಿಸಿ ಹಾಕಿದ.

ಆ ಸಂಜೆ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಎದುರು ಕೂತಳು. ಇದನ್ನು ನಿಲ್ಲಿಸಿ ಎಂದಳು. ಅಮ್ಮನಿಗೆ ಇದೆಲ್ಲ ಖುಷಿ, ನೋಡು ಎಷ್ಟು ನಗುತ್ತಾಳೆ ಎಂದು ಅವನು ಫೋನು ಮುಂದೆ ಹಿಡಿದ.

"ಅವರು ಯಾಕೆ ನಗ್ತಾರೆ ಗೊತ್ತಾ?" ಎಂದಳು ಹೆಂಡತಿ. "ನೀವು ನಗ್ತೀರಲ್ಲ, ಅದಕ್ಕೆ. ತಮಗೆ ಅರ್ಥ ಆಗದೇ ಇರೋ ತಮಾಷೆ ಏನೋ ಇರ್ಬೇಕು ಅಂದ್ಕೊಂಡು ಜೊತೆಗೆ ನಗ್ತಾರೆ. ನೀವು ಆ ಕಡೆ ಹೋದ್ಮೇಲೆ ಅವರ ಮುಖ ಹೇಗಿರುತ್ತೆ ಅಂತ ಒಂದಿನ ನಿಂತು ನೋಡಿ."

ಅವನಿಗೆ ಸಿಟ್ಟು ಬಂತು. ನಾನೊಬ್ಬ ನಾಲ್ಕು ಜನರ ಕಣ್ಣಿಗೆ ಬಿದ್ದದ್ದು ನಿನಗೆ ಸಹಿಸಲಾಗುತ್ತಿಲ್ಲ ಎಂದುಬಿಟ್ಟ. ಅವಳು ಎದ್ದು ಹೋದಳು. ಆಮೇಲೆ ಒಂದು ವಾರ ಮನೆಯಲ್ಲಿ ಬೇಕಾದ್ದಕ್ಕೆ ಮಾತ್ರ ಮಾತು.

ಎಲ್ಲಕ್ಕಿಂತ ಹೆಚ್ಚು ಜನ ನೋಡಿದ ವೀಡಿಯೊ ಒಂದು ಭಾನುವಾರ ಮಧ್ಯಾಹ್ನದ್ದು. ಹೆಂಡತಿ ಅಂಗಡಿಗೆ ಹೋಗಿದ್ದಳು. ಅಮ್ಮ ಊಟ ಮುಗಿಸಿ ಕೂತಿದ್ದಳು. ಅವನು ಫೋನನ್ನು ಪುಸ್ತಕಗಳ ನಡುವೆ ಒರಗಿಸಿಟ್ಟು, ಹೊರಗೆ ಹೋಗಿ, ಬಾಗಿಲು ತಟ್ಟಿ ಒಳಗೆ ಬಂದ.

"ಯಾರಮ್ಮ ನೀವು? ನನ್ನ ಮನೇಲಿ ಏನ್ ಮಾಡ್ತಿದೀರ?" ಎಂದ.

ಅಮ್ಮ ಅವನ ಮುಖ ನೋಡಿದಳು. ನಗಬೇಕೋ ಬೇಡವೋ ತಿಳಿಯದೆ ತುಟಿ ಸ್ವಲ್ಪ ಅರಳಿಸಿದಳು. ಅವನು ನಗಲಿಲ್ಲ. ಅವಳ ತುಟಿ ಮತ್ತೆ ಮುಚ್ಚಿಕೊಂಡಿತು.

"ಇದು ನಮ್ಮ ಮನೆ ಅಲ್ವಾ?" ಎಂದಳು.

"ಅಲ್ಲ. ನನ್ನ ಮನೆ. ನಿಮ್ಮನ್ನ ನಾನು ನೋಡೇ ಇಲ್ಲ."

ಅಮ್ಮ ಗೋಡೆ ನೋಡಿದಳು, ಕಿಟಕಿ ನೋಡಿದಳು. ಮೆಲ್ಲಗೆ ಎದ್ದು, ತಟ್ಟೆಯನ್ನು ಕೈಯಿಂದ ಒರೆಸಿ ಮೇಜಿನ ಅಂಚಿಗೆ ಸರಿಸಿಟ್ಟಳು. "ತಪ್ಪಾಯ್ತು. ನಿಮ್ಮ ಮನೆ ಅಂತ ಗೊತ್ತಾಗ್ಲಿಲ್ಲ. ಊಟ ಬೇರೆ ಮಾಡ್ಬಿಟ್ಟೆ" ಎಂದಳು. ಮೂಲೆಯಲ್ಲಿದ್ದ ತನ್ನ ಕಂದು ಬಣ್ಣದ ಕೈಚೀಲ ತೆಗೆದುಕೊಂಡು ಬಾಗಿಲಿಗೆ ಹೋದಳು. ಅಲ್ಲಿ ಅವನು ಅವಳನ್ನು ತಬ್ಬಿಕೊಂಡು, ಅಮ್ಮ ನಾನೇ, ತಮಾಷೆಗೆ ಹೇಳಿದ್ದು ಎಂದು ಜೋರಾಗಿ ನಕ್ಕ. ಅಮ್ಮನೂ ನಕ್ಕಳು. ಅವಳ ಮೈ ನಡುಗುತ್ತಿದ್ದದ್ದು ಅವನ ತೋಳಿಗೆ ಗೊತ್ತಾಗಿತ್ತು. ವೀಡಿಯೊದಲ್ಲಿ ಅದು ಕಾಣಲಿಲ್ಲ.

ಮೂವತ್ತು ಲಕ್ಷ ಜನ ನೋಡಿದರು. ಮನೆಯ ಒಳಗಿನ ಮಾತು ಊರ ತುಂಬ ಹರಡಿತು. 'ಊಟ ಬೇರೆ ಮಾಡ್ಬಿಟ್ಟೆ' ಎಂಬುದನ್ನು ಜನ ಕಂಡಕಂಡಲ್ಲಿ ಹೇಳಿ ನಗತೊಡಗಿದರು.

ಅಮ್ಮನ ತಲೆಯಿಂದ ಸೊಸೆಯ ಹೆಸರು ಹೋಗಿತ್ತು, ಗಂಡನ ಸಾವು ಹೋಗಿತ್ತು. ಆದರೆ ಇದು ಹೋಗಲಿಲ್ಲ. ಮಾತು ಮರೆತರೂ ಅದರ ಅಂಜಿಕೆ ಉಳಿದುಕೊಂಡಿತು. ಅಂದಿನಿಂದ ದಿನಾ ಮಧ್ಯಾಹ್ನ ಎರಡಾಯಿತೆಂದರೆ ಕೈಚೀಲ ಹಿಡಿದು ಬಾಗಿಲ ಬಳಿ ನಿಲ್ಲುವಳು. ಎಲ್ಲಿಗೆ ಎಂದರೆ, ಈ ಮನೆಯವರು ಬರುವ ಹೊತ್ತಾಯಿತು, ನಾನು ಹೊರಡುತ್ತೇನೆ ಎನ್ನುವಳು. ಊಟಕ್ಕೆ ಕೂರಲು ಸಂಕೋಚಪಟ್ಟುಕೊಳ್ಳುವಳು. ಪಕ್ಕದ ಮನೆಯ ಆಂಟಿ ಹಗಲು ಹೊತ್ತು ಬಂದು ಜೊತೆಗಿರುತ್ತಿದ್ದಳು. ಅವಳು ಪುಸಲಾಯಿಸಿ ಒಳಗೆ ಕೂರಿಸುವಳು. ಮೂಕಣ್ಣ ಇದರದ್ದೂ ಎರಡು ವೀಡಿಯೊ ಮಾಡಿ ಹಾಕಿದ.

ಆ ಬುಧವಾರ ಅವನು ಹದಿನಾಲ್ಕು ಮಹಡಿಯ ಕಚೇರಿಯೊಂದರ ಲಿಫ್ಟ್ ಬಾವಿಯ ತಳದಲ್ಲಿದ್ದ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮೇಲೆ ಬಂದಾಗ ಹೆಂಡತಿಯ ಹನ್ನೊಂದು ಕರೆಗಳು ಕಾಯುತ್ತಿದ್ದವು. ಆಂಟಿ ಮಹಡಿಯ ಮೇಲೆ ಒಣಗಲು ಹಾಕಿದ್ದ ಬಟ್ಟೆ ತರಲು ಹೋದ ಐದು ನಿಮಿಷದಲ್ಲಿ ಅಮ್ಮ ಹೊರಟುಹೋಗಿದ್ದಳು. ಹೋಗಿ ಆಗಲೇ ಒಂದು ಗಂಟೆ ಕಳೆದಿತ್ತು.

ಅವನು ಬೈಕು ಹತ್ತಿ ಬೀದಿ ಬೀದಿ ಸುತ್ತಿದ. ಅಷ್ಟರಲ್ಲಿ ಫೋನು ಟಿಣ್ ಟಿಣ್ ಎನ್ನತೊಡಗಿತು. ತೆರೆದು ನೋಡಿದರೆ ಅಮ್ಮ. ಕಾಲೇಜಿನ ಇಬ್ಬರು ಹುಡುಗಿಯರ ನಡುವೆ, ಬಸ್ ನಿಲ್ದಾಣದಲ್ಲಿ. ಅವರು ಅವಳ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾರೆ. ಕೆಳಗೆ, 'ನಮ್ಮ ಅಜ್ಜಿ ಸಿಕ್ಕಿದರು' ಎಂದು ಬರೆದಿದ್ದಾರೆ. ಅಮ್ಮ ಅದರಲ್ಲಿ, ನನ್ನ ಮನೆ ಎಲ್ಲಿ ಗೊತ್ತಾ ಎಂದು ಕೇಳುತ್ತಿದ್ದಾಳೆ. ಹುಡುಗಿಯರು ಒಟ್ಟಿಗೆ, "ಲೈನಲ್ಲಿರಿ ಅಜ್ಜಿ, ಕೊಡ್ತೀವಿ" ಎನ್ನುತ್ತಾರೆ.

ಇನ್ನೊಂದು ಬಂತು. ಹಣ್ಣಿನ ಅಂಗಡಿಯ ಮುಂದೆ. ಅಮ್ಮ ಒಬ್ಬ ಯುವಕನ ತೋಳು ಹಿಡಿದುಕೊಂಡಿದ್ದಾಳೆ, ನನ್ನನ್ನು ಕರೆದುಕೊಂಡು ಹೋಗಪ್ಪ ಎನ್ನುತ್ತಿದ್ದಾಳೆ. ಅವನು ಆಚೀಚೆ ನೋಡಿ, "ಅಜ್ಜಿ, ನಿಜ ಹೇಳಿ. ನಿಮ್ಮ ಮಗ ಕ್ಯಾಮೆರಾ ಎಲ್ಲಿಟ್ಟಿದಾನೆ?" ಎಂದು ಕೇಳುತ್ತಾನೆ. ಹಿಂದಿನಿಂದ ಅಂಗಡಿಯವನೂ ಕೈ ಬೀಸುತ್ತಾನೆ, ತಾನೂ ಎಲ್ಲೋ ಕಾಣಿಸುತ್ತಿದ್ದೇನೆಂದು.

ಮೂರನೆಯದು, ನಾಲ್ಕನೆಯದು. ಅಮ್ಮನ ದಾರಿ ಅವನಿಗೆ ಫೋನಿನಲ್ಲಿ ತುಂಡು ತುಂಡಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಈಚೆಗೆ ಬಂದದ್ದು ರೈಲ್ವೆ ಗೇಟಿನದ್ದು ಎಂದು ಅವನು ಅಲ್ಲಿಗೆ ಹಾರಿದ. ಅಲ್ಲಿ ಅವಳಿರಲಿಲ್ಲ. ಆ ವೀಡಿಯೊ ಹಾಕಿದವನಿಗೆ ಬರೆದು ಕೇಳಿದ. ಅದನ್ನು ತೆಗೆದು ಒಂದೂವರೆ ಗಂಟೆಯಾಯಿತು, ಹಾಡು ಸೇರಿಸಿ ಹಾಕುವಷ್ಟರಲ್ಲಿ ಹೊತ್ತಾಯಿತು ಎಂದು ಅವನು ಉತ್ತರ ಕೊಟ್ಟ.

ಮೂಕಣ್ಣ ರಸ್ತೆಬದಿಯಲ್ಲೇ ನಿಂತು ತನ್ನ ಮುಖದ ವೀಡಿಯೊವನ್ನು ತಾನೇ ತೆಗೆದುಕೊಂಡ. ಅಮ್ಮ ನಿಜವಾಗಿಯೂ ಕಾಣೆಯಾಗಿದ್ದಾಳೆ, ಇದು ತಮಾಷೆಯಲ್ಲ, ಕಂಡವರು ಅವಳ ಜೊತೆಗೇ ಇದ್ದು ನನಗೆ ಫೋನು ಮಾಡಿ ಎಂದು ಅತ್ತುಕೊಂಡೇ ಹೇಳಿ ಹಾಕಿದ. ಹತ್ತು ನಿಮಿಷದಲ್ಲಿ ನೂರಾರು ಜನ ಬರೆದರು. 'ಸೂಪರ್ ಆಕ್ಟಿಂಗ್ ಅಣ್ಣ.' 'ಈ ಸಲ ಮಗನ ಸರದಿ.' 'ಎರಡನೇ ಭಾಗ ಯಾವಾಗ?' ಅವನು ಮತ್ತೆ ಮತ್ತೆ ಬರೆದ, ನಿಜ, ನಿಜ, ದೇವರಾಣೆ ನಿಜ ಎಂದು. ಅವರು ನಗುವ ಮುಖಗಳನ್ನು ಒತ್ತುತ್ತಾ ಹೋದರು.

ಪೊಲೀಸ್ ಠಾಣೆಯಲ್ಲಿ ಹೆಂಡತಿ ಆಗಲೇ ಬಂದು ಕೂತಿದ್ದಳು. ಬರೆದುಕೊಳ್ಳುತ್ತಿದ್ದ ಪೇದೆ ಫೋಟೋ ನೋಡಿ ಪೆನ್ನು ನಿಲ್ಲಿಸಿದ. ಅವನ ತುಟಿಯ ಮೂಲೆಯಲ್ಲಿ ನಗುವೊಂದು ಸುಳಿದು ಹೋಯಿತು.

"ಬೇಜಾರ್ ಮಾಡ್ಕೋಬೇಡಿ," ಎಂದ, "ಇದು ಅದಕ್ಕೇ ಅಲ್ಲ ತಾನೆ? ಆ ವೀಡಿಯೊಗೆ?"

ಹೆಂಡತಿ, "ಅಲ್ಲ. ಬರ್ಕೊಳಿ" ಎಂದಳು. ಪೇದೆ ಬರೆದುಕೊಂಡ. ಆದರೆ ಅವಸರದಿಂದೇನೂ ಬರೆದುಕೊಳ್ಳಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಹೆಂಡತಿಯ ಅಂಗಡಿಗೆ ಸರ್ಕಾರಿ ಆಸ್ಪತ್ರೆಯಿಂದ ಫೋನು ಬಂತು. ಹೆಸರು, ವಿಳಾಸ ಹೇಳಲಾಗದ ಮುದುಕಿಯೊಬ್ಬಳ ಕೈಚೀಲದಲ್ಲಿ ಕನ್ನಡಕದ ಡಬ್ಬಿಯೊಂದು ಸಿಕ್ಕಿದೆ, ಅದರ ಮೇಲೆ ನಿಮ್ಮ ಅಂಗಡಿಯ ನಂಬರಿದೆ ಎಂದರು.

ಊರ ಹೊರಗೆ ಲಾರಿಗಳನ್ನು ನಿಲ್ಲಿಸಿ ತೊಳೆಯುವ ಜಾಗವೊಂದಿತ್ತು. ಅಮ್ಮ ಅಲ್ಲಿಯವರೆಗೆ ನಡೆದಿದ್ದಳು, ಬಿಸಿಲಲ್ಲಿ, ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ ಮೆಟ್ಟಿಕೊಂಡು. ಲಾರಿ ತೊಳೆಯುವ ಹೆಂಗಸೊಬ್ಬಳು ಅವಳನ್ನು ನೆರಳಿಗೆ ಕೂರಿಸಿ ನೀರು ಕೊಟ್ಟಿದ್ದಳು. ಪೊಲೀಸರಿಗೆ ತಿಳಿಸುವಂತೆ ಗೇಟಿನ ಕಾವಲಿನವನಿಗೆ ಹೇಳಿ ಬರುವಷ್ಟರಲ್ಲಿ ಅಮ್ಮ ಎದ್ದು ಹೊರಟು, ಒದ್ದೆ ಸಿಮೆಂಟಿನ ಇಳಿಜಾರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಅಮ್ಮ ಅವನನ್ನು ಗುರುತಿಸಲಿಲ್ಲ. ಅದು ಹೊಸದಲ್ಲ. ಹೊಸದಾದದ್ದು ಬೇರೆ. ಎರಡನೆಯ ದಿನ ಅಕ್ಕನಿಗೆ ಫೋನು ಮಾಡಲೆಂದು ಅವನು ಜೇಬಿನಿಂದ ಫೋನು ತೆಗೆದು ಎದೆಯ ಮಟ್ಟಕ್ಕೆ ಎತ್ತಿದ. ಅಮ್ಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಕೈಗಳ ಹಿಂದಿನಿಂದ, "ತಪ್ಪಾಯ್ತು, ತಪ್ಪಾಯ್ತು" ಎಂದಳು. ಅವನು ಫೋನನ್ನು ಕೆಳಗಿಳಿಸಿದ. ಸ್ವಲ್ಪ ಹೊತ್ತಿಗೆ ಅವಳು ಬೆರಳುಗಳ ಸಂದಿಯಿಂದ ಇಣುಕಿ, ಅವನ ಮುಖ ನೋಡಿ, ನಗಬೇಕೇನೋ ಎಂದುಕೊಂಡು ನಕ್ಕಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಂದು ಅಮ್ಮನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸಿತು.

ಮಲಗಿದ್ದಲ್ಲೇ ಎದೆಯಲ್ಲಿ ಕಫ ಕಟ್ಟಿ, ಹನ್ನೊಂದನೆಯ ದಿನ ಬೆಳಗ್ಗೆ ಅಮ್ಮ ಹೋದಳು. ಅಕ್ಕ ಬಂದಿದ್ದಳು. ಅವಳು ತಮ್ಮನನ್ನು ಬೈಯಲಿಲ್ಲ. ಮೊದಲು ಎಲ್ಲರಿಗೂ ಹಂಚಿದ್ದು ತಾನೇ ಎಂಬುದು ಅವಳಿಗೂ ಗೊತ್ತಿತ್ತು. ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.

ಅವನು ವೀಡಿಯೊಗಳನ್ನೆಲ್ಲ ಅಳಿಸಿದ. ಅಳಿಸಿ ಏನು ಬಂತು? ಯಾರ್ಯಾರೋ ಇಳಿಸಿಟ್ಟುಕೊಂಡಿದ್ದರು, ತಮ್ಮದೆಂಬಂತೆ ಮತ್ತೆ ಹಾಕುತ್ತಿದ್ದರು. ಅಮ್ಮನ ಜೊತೆ ನಿಂತು ವೀಡಿಯೊ ತೆಗೆಸಿಕೊಂಡಿದ್ದವರು, 'ಕೊನೆಯ ದಿನ ಭೇಟಿಯಾಗಿದ್ದು ನಾವೇ' ಎಂದು ಕಣ್ಣೀರು ಹಾಕಿದರು. ಅದನ್ನೂ ಲಕ್ಷಾಂತರ ಜನ ನೋಡಿದರು. ವಾರ ಕಳೆಯುವುದರೊಳಗೆ ಗಾಳಿ ತಿರುಗಿತು. 'ತಾಯಿಯನ್ನು ಕೊಂದ ಮಗ' ಎಂದು ಅವನ ಫೋಟೋ ಓಡಾಡಿತು. ಹಿಂದೆ ಮುತ್ತು ಕಳಿಸಿದವರೇ ಈಗ ಉಗಿದರು. ಯಾವುದೋ ಕಟ್ಟಡದವರು ಅವನನ್ನು ಒಳಗೆ ಬಿಡುವುದಿಲ್ಲ ಎಂದದ್ದಕ್ಕೆ ಕಂಪನಿ ಅವನನ್ನು ಗೋದಾಮಿಗೆ ಹಾಕಿತು. ಅವನು ಯಾರಿಗೂ ಎದುರಾಡಲಿಲ್ಲ. ಅವರು ಹೇಳುವುದು ಸುಳ್ಳಲ್ಲ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು. ಒಂದೇ ಒಂದು ವಿಷಯಕ್ಕೆ ಅವನು ಅವರು ಬರೆದದ್ದನ್ನೆಲ್ಲ ದಿನಗಟ್ಟಲೆ ಓದಿದ: ನಾನೂ ನೋಡಿ ನಕ್ಕಿದ್ದೆ ಎಂದು ಯಾರಾದರೂ ಒಬ್ಬರು ಬರೆದಿದ್ದಾರೆಯೇ ಎಂದು. ಒಬ್ಬರೂ ಬರೆದಿರಲಿಲ್ಲ. ಆಮೇಲೆ ಓದುವುದನ್ನು ಬಿಟ್ಟ.

ಹೆಂಡತಿ ಮನೆ ಬಿಟ್ಟು ಹೋಗಲಿಲ್ಲ. ಬೆಳಗ್ಗೆ ಅಂಗಡಿಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು, ಎರಡು ತಟ್ಟೆಗೆ ಬಡಿಸುತ್ತಿದ್ದಳು. ಅವನು ಎದುರಿಗೆ ಬಂದಾಗ ಮಾತ್ರ ತನ್ನ ಫೋನನ್ನು ಮಗುಚಿ ಇಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ದಿನ ಅವನು ಲಾರಿ ತೊಳೆಯುವ ಜಾಗ ಹುಡುಕಿಕೊಂಡು ಹೋದ. ಆ ಹೆಂಗಸಿಗೆ ಒಂದು ಕೃತಜ್ಞತೆಯ ಮಾತನ್ನೂ ಯಾರೂ ಹೇಳಿರಲಿಲ್ಲ. ಅವಳು ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಪೈಪು ಹಿಡಿದು ಲಾರಿಯ ಚಕ್ರಕ್ಕೆ ನೀರು ಬಿಡುತ್ತಿದ್ದಳು. ಐವತ್ತು ದಾಟಿದವಳು. ಸೊಂಟದಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಅವನು ವಿಷಯ ಹೇಳಿದ ಮೇಲೆ ಅವಳು ನೀರು ನಿಲ್ಲಿಸಿದಳು.

"ಓ, ಆ ಅಮ್ಮನಾ? ಹೇಗಿದಾರೆ ಈಗ?"

ತೀರಿಕೊಂಡರು ಎಂದ. ಅವಳು ಪೈಪನ್ನು ಕೆಳಗಿಟ್ಟಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಕಾಲಿನ ತುಂಬ ಬೊಬ್ಬೆ ಬಂದಿತ್ತು, ನೀರು ಹಾಕಿ ತೊಳೆದೆ ಎಂದಳು. ಒಂದು ಗಂಟೆ ಕೂತಿದ್ದರು, ಒಳ್ಳೆಯ ಮಾತುಗಾರ್ತಿ ಎಂದಳು. ಮನೆ ಎಲ್ಲಿ ಎಂದರೆ ಗೊತ್ತಿಲ್ಲ ಎಂದರಂತೆ. ಇದ್ದ ಮನೆ ಬೇರೆಯವರದ್ದು, ಅವರಿಗೆ ತೊಂದರೆ ಕೊಡಬಾರದು ಎಂದು ಬಂದುಬಿಟ್ಟೆ ಎಂದರಂತೆ.

"ಮಕ್ಕಳಿಲ್ವಾ ಅಂತ ಕೇಳ್ದೆ," ಎಂದಳು. "ಒಬ್ಬ ಮಗ ಇದಾನೆ ಅಂದ್ರು. ಚಿಕ್ಕವನು, ಕತ್ತಲೆ ಅಂದ್ರೆ ಹೆದರ್ತಾನೆ, ಬೇಗ ಹೋಗ್ಬೇಕು ಅಂತ ಒಂದೇ ಸಮ ಏಳೋರು. ನಾನೇ ಕೂರಿಸ್ತಿದ್ದೆ. ಗೇಟಿಗೆ ಹೋಗಿ ಬರೋಷ್ಟರಲ್ಲಿ..." ಅವಳು ಇಳಿಜಾರಿನ ಕಡೆ ಕೈ ತೋರಿಸಿದಳು. ಆಮೇಲೆ ಕೇಳಿದಳು, "ನೀವು ಅವರಿಗೆ ಏನಾಗ್ಬೇಕು?"

"ಮಗ" ಎಂದ ಅವನು.

ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವಳ ಮುಖದಲ್ಲಿ ಗುರುತು ಹಿಡಿದ ಸುಳಿವೇನೂ ಇರಲಿಲ್ಲ. ಅವನನ್ನು ಎಲ್ಲೂ ನೋಡಿದವಳಲ್ಲ ಅವಳು. ಹಿಂದಿನಿಂದ ದೊಡ್ಡ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹಿಂದು ಹಿಂದಕ್ಕೆ ಬರುತ್ತಿತ್ತು. ಸ್ವಲ್ಪ ಸರಿದು ನಿಂತ್ಕೊಳಿ ಎಂದಳು. ಅವನು ಸರಿದು ನಿಂತ. ಅವಳು ಪೈಪು ಎತ್ತಿಕೊಂಡು ನೀರು ಬಿಟ್ಟಳು.